ಗೋಲುಗೆರೆಯಿಂದ ತರಬೇತುದಾರನ ಪೀಠಕ್ಕೆ: ಡಿನೊ ಝೋಫ್ ಅವರ ಎರಡು ವೃತ್ತಿಗಳು

ಫುಟ್‌ಬಾಲ್ ಆಟದ ನಿಯಮಗಳು ಅಂಗಳದಲ್ಲಿರುವ ಹನ್ನೊಂದು ಮಂದಿಯ ಪೈಕಿ ಒಬ್ಬರಿಗೆ ಮಾತ್ರ, ಅದೂ ತಮ್ಮ ಬದಿಯ ಪೆನಾಲ್ಟಿ ಆವರಣದೊಳಗೆ ಮಾತ್ರ, ಆಟ ನಡೆಯುತ್ತಿರುವಾಗ ಚೆಂಡನ್ನು ಕೈಯಿಂದ ಹಿಡಿಯುವ ಅಧಿಕಾರ ನೀಡಿವೆ. ಈ ಅಧಿಕಾರಕ್ಕೆ ಪ್ರತಿಯಾಗಿ 7.32 ಮೀಟರ್ ಅಗಲ ಹಾಗೂ 2.44 ಮೀಟರ್ ಎತ್ತರದ ಗೋಲುಪೆಟ್ಟಿಗೆಯನ್ನು ಕಾಯುವ ಹೊಣೆಯೂ ಅವರ ಮೇಲೆಯೇ ಬೀಳುತ್ತದೆ. ಹನ್ನೊಂದು ಮೀಟರ್ ದೂರದ ಪೆನಾಲ್ಟಿ ಬಿಂದುವಿನಿಂದ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊರಟ ಚೆಂಡು ಗೋಲುಗೆರೆ ತಲುಪಲು ಸುಮಾರು 0.4 ಸೆಕೆಂಡು ಸಾಕು. ಅಷ್ಟು ಕಿರಿದಾದ ಅವಧಿಯಲ್ಲಿ ಚೆಂಡಿನ ದಿಕ್ಕನ್ನು ಕಂಡು, ನಿರ್ಧರಿಸಿ, ದೇಹವನ್ನು ಆ ಕಡೆಗೆ ಚಾಚುವುದು ಮನುಷ್ಯಸಾಮರ್ಥ್ಯದ ಅಂಚಿನಲ್ಲಿರುವ ಕೆಲಸವಾದ್ದರಿಂದ, ಗೋಲ್‌ಕೀಪರ್‌ನ ದುಡಿಮೆಯ ಬಹುಭಾಗ ಚೆಂಡು ತನ್ನತ್ತ ಬರುವ ಮೊದಲೇ ನಡೆದಿರಬೇಕಾಗುತ್ತದೆ: ಎಲ್ಲಿ ನಿಲ್ಲಬೇಕು, ಎದುರಾಳಿಯ ಯಾವ ಕಾಲು ಬಲವಾದದ್ದು, ತನ್ನ ಮುಂದಿರುವ ಡಿಫೆಂಡರ್‌ಗಳಲ್ಲಿ ಯಾರು ಎಷ್ಟು ಹೆಜ್ಜೆ ಸರಿಯಬೇಕು ಎಂಬುದೆಲ್ಲ ಮುಂಚಿತವಾಗಿಯೇ ತೀರ್ಮಾನವಾಗಿರಬೇಕು.

ತರಬೇತುದಾರನ ಕೆಲಸದ ಸ್ವರೂಪವೂ ಇದಕ್ಕೆ ಬಹಳ ಸಮೀಪದ್ದು. ಪಂದ್ಯ ಆರಂಭವಾಗುವ ಹೊತ್ತಿಗೆ ಅವನ ಕೆಲಸ ಬಹುಮಟ್ಟಿಗೆ ಮುಗಿದಿರುತ್ತದೆ; ಆ ಬಳಿಕ ತೊಂಬತ್ತು ನಿಮಿಷ ಇತರರು ಆಡುವುದನ್ನು ನೋಡುತ್ತ, ಅಲ್ಲೊಂದು ಇಲ್ಲೊಂದು ತಿದ್ದುಪಡಿ ಮಾಡಿ, ಕೊನೆಯಲ್ಲಿ ಫಲಿತಾಂಶಕ್ಕೆ ಉತ್ತರ ಕೊಡುವುದಷ್ಟೇ ಅವನ ಪಾಲಿಗೆ ಉಳಿಯುತ್ತದೆ. ಮೊದಲೇ ಸಿದ್ಧಗೊಳ್ಳುವುದು ಮತ್ತು ನಡೆದು ಹೋದದ್ದಕ್ಕೆ ಹೊಣೆ ಹೊರುವುದು, ಈ ಎರಡೂ ಗುಣಗಳನ್ನು ಇಟಲಿಯ ಡಿನೊ ಝೋಫ್ ಅವರಷ್ಟು ಪೂರ್ಣವಾಗಿ ಎರಡೂ ವೃತ್ತಿಗಳಲ್ಲಿ ತೋರಿಸಿದವರು ವಿರಳ. ನಾಯಕನಾಗಿ ವಿಶ್ವಕಪ್ ಗೆದ್ದು, ತರಬೇತುದಾರನಾಗಿ ಯುರೋಪಿನ ಕಿರೀಟಕ್ಕೆ ಕೆಲವೇ ಸೆಕೆಂಡುಗಳಷ್ಟು ಹತ್ತಿರ ಬಂದು, ಕಡೆಗೆ ತಮ್ಮ ಹುದ್ದೆಯನ್ನು ತಾವೇ ತೊರೆದ ಅವರ ನಾಲ್ಕು ದಶಕಗಳ ಬದುಕು, ಗೋಲ್‌ಕೀಪರ್‌ಗೆ ದಕ್ಕುವ ತಿಳಿವಳಿಕೆ ಎಂಥದು ಮತ್ತು ಅದು ಎಷ್ಟು ದೂರ ಸಾಗಬಲ್ಲದು ಎಂಬುದನ್ನು ಅಳೆಯಲು ಉತ್ತಮ ಆಧಾರವಾಗಿದೆ.

ಫ್ರಿಯೂಲಿಯ ನೆಲದಿಂದ

ಇಟಲಿಯ ಈಶಾನ್ಯ ಮೂಲೆಯಲ್ಲಿ, ಅಂದಿನ ಯುಗೊಸ್ಲಾವಿಯಾದ ಗಡಿಗೆ ಅಂಟಿಕೊಂಡಿರುವ ಫ್ರಿಯೂಲಿ ಪ್ರಾಂತದ ಮರಿಯಾನೊ ಎಂಬ ಹಳ್ಳಿಯ ಕೃಷಿಕ ಕುಟುಂಬದಲ್ಲಿ 1942ರ ಫೆಬ್ರುವರಿ 28ರಂದು ಝೋಫ್ ಜನಿಸಿದರು. ಕಡಿಮೆ ಮಾತು, ಹೆಚ್ಚು ದುಡಿಮೆ ಎಂಬುದು ಆ ಪ್ರಾಂತದವರ ಬಗ್ಗೆ ಇಟಲಿಯಲ್ಲಿ ಬೇರೂರಿರುವ ಅಭಿಪ್ರಾಯ. ಮುಂದೆ ಝೋಫ್ ಅವರ ರಾಷ್ಟ್ರೀಯ ತಂಡದ ತರಬೇತುದಾರರಾದ ಎಂಝೊ ಬೆಯರ್ಝೊಟ್ ಮತ್ತು ಸಹ ಆಟಗಾರರಾಗಿದ್ದು ಆಮೇಲೆ ಹೆಸರಾಂತ ತರಬೇತುದಾರರಾದ ಫಾಬಿಯೊ ಕಪೆಲ್ಲೊ ಇಬ್ಬರೂ ಅದೇ ಸೀಮೆಯವರೆಂಬುದನ್ನು ಗಮನಿಸಿದರೆ, ಆ ಸಣ್ಣ ನೆಲ ಇಟಲಿಯ ಫುಟ್‌ಬಾಲ್‌ಗೆ ಕೊಟ್ಟ ಕೊಡುಗೆಯ ಗಾತ್ರ ತಿಳಿಯುತ್ತದೆ.

ಝೋಫ್ ಅವರ ಆರಂಭ ಯಶಸ್ಸಿನದಾಗಿರಲಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಇಂಟರ್ ಮಿಲಾನ್ ಮತ್ತು ಯುವೆಂಟಸ್ ಕ್ಲಬ್‌ಗಳ ಆಯ್ಕೆಗೆ ಹೋದಾಗ ಎತ್ತರ ಸಾಲದೆಂಬ ಕಾರಣಕ್ಕೆ ಎರಡೂ ಕಡೆ ಅವರನ್ನು ತಿರಸ್ಕರಿಸಲಾಯಿತು. ಮೆಕ್ಯಾನಿಕ್ ಕೆಲಸ ಕಲಿತು, ಊರಿನ ತಂಡಕ್ಕೆ ಆಡುತ್ತ, ಮೈಬೆಳೆಯಲೆಂದು ಅಜ್ಜಿ ಒತ್ತಾಯಿಸಿ ತಿನ್ನಿಸುತ್ತಿದ್ದ ಮೊಟ್ಟೆಗಳನ್ನು ತಿನ್ನುತ್ತ ಅವರು ಮುಂದಿನ ಐದು ವರ್ಷಗಳಲ್ಲಿ 33 ಸೆಂಟಿಮೀಟರ್ ಬೆಳೆದರೆಂದು ಅವರ ಬದುಕನ್ನು ಕುರಿತ ಬರಹಗಳೆಲ್ಲ ಹೇಳುತ್ತವೆ. ಪ್ರಾಂತದ ದೊಡ್ಡ ಕ್ಲಬ್ ಆದ ಉದಿನೇಸೆ ಅವರನ್ನು ಸೇರಿಸಿಕೊಂಡಿತು. ಇಟಲಿಯ ಅತ್ಯುನ್ನತ ಲೀಗ್ ಆದ ಸೆರಿ ಎ ಟೂರ್ನಿಯಲ್ಲಿ 1961ರ ಸೆಪ್ಟೆಂಬರ್ 24ರಂದು ಅವರು ಆಡಿದ ಮೊದಲ ಪಂದ್ಯದಲ್ಲಿ ಫಿಯೊರೆಂಟಿನಾ ತಂಡ ಅವರ ಗೋಲುಪೆಟ್ಟಿಗೆಗೆ ಐದು ಬಾರಿ ಚೆಂಡು ಸೇರಿಸಿತು. ಆ ಋತುವಿನ ಕೊನೆಗೆ ಉದಿನೇಸೆ ಎರಡನೇ ದರ್ಜೆಗೆ ಹಿಂಬಡ್ತಿ ಹೊಂದಿತು.

1963ರಲ್ಲಿ ಅವರು ಸೇರಿದ ಮಾಂತೊವಾ ಕ್ಲಬ್ ದೊಡ್ಡದಲ್ಲದಿದ್ದರೂ ಗೋಲ್‌ಕೀಪರ್ ಒಬ್ಬ ಪಕ್ವಗೊಳ್ಳಲು ತಕ್ಕ ಸ್ಥಳವಾಗಿತ್ತು. ದುರ್ಬಲ ತಂಡದ ಗೋಲ್‌ಕೀಪರ್‌ಗೆ ಪ್ರತಿ ವಾರವೂ ಕೈತುಂಬ ಕೆಲಸವಿರುತ್ತದೆ. 1967ರ ಜೂನ್ 1ರಂದು, ಲೀಗ್‌ನ ಕಡೆಯ ದಿನ, ಪ್ರಶಸ್ತಿಯ ಹೊಸ್ತಿಲಲ್ಲಿದ್ದ ಇಂಟರ್ ಮಿಲಾನ್ ತಂಡ ಮಾಂತೊವಾದಲ್ಲಿ 0–1ರಿಂದ ಸೋತು ಕಿರೀಟವನ್ನು ಯುವೆಂಟಸ್‌ಗೆ ಬಿಟ್ಟುಕೊಟ್ಟಿತು. ಇಂಟರ್‌ನ ಅನುಭವಿ ಗೋಲ್‌ಕೀಪರ್ ಜೂಲಿಯಾನೊ ಸಾರ್ತಿ ಅವರ ಕೈಯಿಂದ ಜಾರಿದ ಒಂದು ಸಾಮಾನ್ಯ ಚೆಂಡು ಆ ಫಲಿತಾಂಶಕ್ಕೆ ಕಾರಣವಾಯಿತು, ಮತ್ತು ಅದೇ ಅಂಗಳದ ಇನ್ನೊಂದು ತುದಿಯ ಗೋಲನ್ನು ಗಟ್ಟಿಯಾಗಿ ಕಾದವರು ಝೋಫ್. ಅದೇ ಬೇಸಿಗೆಯಲ್ಲಿ ಅವರು ನಾಪೋಲಿ ಕ್ಲಬ್ ಸೇರಿದರು. ಸೇರಿದ ಮೊದಲ ಋತುವಿನಲ್ಲೇ ಆ ತಂಡ ಲೀಗ್‌ನಲ್ಲಿ ಎರಡನೇ ಸ್ಥಾನ ಗಳಿಸಿತು.

ರಾಷ್ಟ್ರೀಯ ತಂಡದ ಬಾಗಿಲು ತೆರೆದದ್ದೂ ಆ ಋತುವಿನಲ್ಲೇ. 1968ರ ಏಪ್ರಿಲ್ 20ರಂದು ನೇಪಲ್ಸ್ ನಗರದಲ್ಲಿ ಬಲ್ಗೇರಿಯಾ ವಿರುದ್ಧ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಮೊದಲ ಬಾರಿಗೆ ಇಟಲಿಯ ಗೋಲು ಕಾದ ಅವರು, ಎರಡು ತಿಂಗಳೊಳಗೆ ಯುರೋಪಿನ ಚಾಂಪಿಯನ್ ಆಗಿದ್ದರು. ಪೆನಾಲ್ಟಿ ಶೂಟೌಟ್ ಪದ್ಧತಿ ಇನ್ನೂ ಜಾರಿಗೆ ಬಂದಿರದಿದ್ದ ಆ ಕಾಲದಲ್ಲಿ, ಸೋವಿಯತ್ ಒಕ್ಕೂಟದ ವಿರುದ್ಧದ ಸೆಮಿಫೈನಲ್ ಹೆಚ್ಚುವರಿ ಅವಧಿಯ ನಂತರವೂ ಗೋಲಿಲ್ಲದೆ ಉಳಿದಾಗ ನಾಣ್ಯ ಚಿಮ್ಮಿ ಇಟಲಿಯನ್ನು ವಿಜಯಿಯೆಂದು ಘೋಷಿಸಲಾಯಿತು. ಯುಗೊಸ್ಲಾವಿಯಾ ವಿರುದ್ಧದ ಫೈನಲ್ 1–1ರಿಂದ ಸಮವಾದ್ದರಿಂದ ಎರಡು ದಿನಗಳ ಬಳಿಕ ಮತ್ತೆ ಆಡಿಸಿದ ಪಂದ್ಯವನ್ನು ಇಟಲಿ 2–0ಯಿಂದ ಗೆದ್ದಿತು. ಆದರೂ 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಎನ್ರಿಕೊ ಅಲ್ಬೆರ್ತೊಸಿ ಅವರಿಗೆ ಆದ್ಯತೆ ದೊರೆತು, ಇಟಲಿ ಫೈನಲ್ ತಲುಪಿದ ಆ ಟೂರ್ನಿಯನ್ನು ಝೋಫ್ ಕಾಯ್ದಿರಿಸಿದ ಆಟಗಾರರ ಬೆಂಚಿನಲ್ಲಿ ಕುಳಿತು ನೋಡಬೇಕಾಯಿತು.

ನಿಲುವಿನ ಶಾಸ್ತ್ರ

ಯುವೆಂಟಸ್ ಅವರನ್ನು 1972ರಲ್ಲಿ ಕೊಂಡಾಗ ಅವರಿಗೆ ಮೂವತ್ತು ವರ್ಷ. ಬೇರೆ ಸ್ಥಾನಗಳಲ್ಲಿ ಆಡುವವರು ಇಳಿಮುಖ ಕಾಣಲಾರಂಭಿಸುವ ಈ ವಯಸ್ಸಿನಲ್ಲಿ ಝೋಫ್ ಅವರ ಶ್ರೇಷ್ಠ ಅಧ್ಯಾಯ ತೆರೆದುಕೊಂಡಿತು. ಹನ್ನೊಂದು ಋತುಗಳಲ್ಲಿ ಯುವೆಂಟಸ್ ಆಡಿದ 330 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಅವರು ತಪ್ಪಿಸಿಕೊಳ್ಳಲಿಲ್ಲ; ಆರು ಲೀಗ್ ಪ್ರಶಸ್ತಿಗಳು, ಎರಡು ಕೊಪ್ಪಾ ಇಟಾಲಿಯಾ, ಅಂದರೆ ದೇಶದ ನಾಕೌಟ್ ಕಪ್‌ಗಳು, ಮತ್ತು 1977ರ ಯುಇಎಫ್‌ಎ ಕಪ್ ಈ ಅವಧಿಯ ಫಲ. ಇಂಥ ಸಾತತ್ಯ ದೇಹಬಲವೊಂದರಿಂದಲೇ ಬರುವಂಥದ್ದಲ್ಲವಾದ್ದರಿಂದ, ಅದರ ಹಿಂದಿದ್ದ ಆಟದ ವಿಧಾನವನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಚೆಂಡು ಇರುವ ಬಿಂದುವಿನಿಂದ ಎರಡೂ ಗೋಲುಕಂಬಗಳಿಗೆ ಗೆರೆ ಎಳೆದರೆ ಒಂದು ತ್ರಿಕೋನ ಉಂಟಾಗುತ್ತದೆ. ಗೋಲ್‌ಕೀಪರ್ ಗೆರೆಯ ಮೇಲೆಯೇ ನಿಂತರೆ ಆ ತ್ರಿಕೋನದ ಪೂರ್ತಿ ಅಗಲವನ್ನು ಕಾಯಬೇಕಾಗುತ್ತದೆ. ಮುಂದೆ ಬಂದಷ್ಟೂ ಕಾಯಬೇಕಾದ ಅಗಲ ಕಡಿಮೆಯಾಗುತ್ತದೆ, ಆದರೆ ತಲೆಯ ಮೇಲಿಂದ ಚೆಂಡನ್ನು ಎತ್ತಿ ಹಾಕುವ ಅಪಾಯ ಹೆಚ್ಚುತ್ತದೆ. ಕೋನ ಕಿರಿದಾಗಿಸುವುದು ಎಂದು ಆಟಗಾರರು ಕರೆಯುವ ಈ ವಿದ್ಯೆಯಲ್ಲಿ, ಎದುರಾಳಿ ಒದೆಯುವ ಕ್ಷಣದಲ್ಲಿ ದೇಹ ಸಮತೋಲದಲ್ಲಿ, ಎರಡೂ ಪಾದ ನೆಲದ ಮೇಲೆ ಸ್ಥಿರವಾಗಿರಬೇಕೆಂಬುದೂ ಸೇರಿದೆ. ಝೋಫ್ ಈ ಲೆಕ್ಕಾಚಾರವನ್ನು ಎಷ್ಟು ನಿಖರವಾಗಿ ಮಾಡುತ್ತಿದ್ದರೆಂದರೆ, ಇತರರು ಜಿಗಿದು ತಡೆಯಬೇಕಾಗಿದ್ದ ಹೊಡೆತಗಳು ಅವರ ಎದೆಗೆ ನೇರವಾಗಿ ಬಂದು ಸೇರುತ್ತಿದ್ದವು. ಪ್ರೇಕ್ಷಕರಿಗಾಗಿ ಹಾರುವುದು ಅವರಿಗೆ ಒಗ್ಗದ ಸಂಗತಿ. ಚೆಂಡನ್ನು ಮುಷ್ಟಿಯಿಂದ ಗುದ್ದಿ ದೂರ ತಳ್ಳುವುದಕ್ಕಿಂತ ಎರಡೂ ಕೈಗಳಲ್ಲಿ ಹಿಡಿದು ಅಲ್ಲಿಗೇ ಅಪಾಯವನ್ನು ಮುಗಿಸುವುದನ್ನು ಅವರು ಇಷ್ಟಪಡುತ್ತಿದ್ದರು.

ಈ ವಿಧಾನಕ್ಕೆ ಇಟಲಿಯ ಅಂದಿನ ರಕ್ಷಣಾ ವ್ಯವಸ್ಥೆಯೂ ಪೂರಕವಾಗಿತ್ತು. ಎದುರಾಳಿಯ ಪ್ರತಿಯೊಬ್ಬ ಮುಂಪಡೆ ಆಟಗಾರನಿಗೆ ಒಬ್ಬೊಬ್ಬ ಡಿಫೆಂಡರನ್ನು ಬೆನ್ನಿಗೆ ಹಚ್ಚಿ, ಅವರೆಲ್ಲರ ಹಿಂದೆ ಯಾರನ್ನೂ ಬೆನ್ನತ್ತುವ ಹೊಣೆಯಿಲ್ಲದ ಒಬ್ಬ ಆಟಗಾರನನ್ನು ನಿಲ್ಲಿಸುವ ಪದ್ಧತಿ ಅಲ್ಲಿ ಬೇರುಬಿಟ್ಟಿತ್ತು. ‘ಲಿಬೆರೊ’ ಎಂದು ಕರೆಯುವ ಆ ಆಟಗಾರ, ಸಹ ಡಿಫೆಂಡರ್‌ಗಳನ್ನು ದಾಟಿ ಬಂದ ಚೆಂಡನ್ನೆಲ್ಲ ತಡೆದು ತೆರವುಗೊಳಿಸುತ್ತಾನೆ. ಯುವೆಂಟಸ್‌ನಲ್ಲಿ ಈ ಸ್ಥಾನದಲ್ಲಿ 1974ರಿಂದ ಆಡಿದ ಗಯೆತಾನೊ ಶಿರಿಯಾ, ಒರಟಾಟಕ್ಕೆ ಹೆಸರಾದ ಆ ಕೆಲಸವನ್ನು ಕಾಲ್ಚಳಕ ಮತ್ತು ಸೌಜನ್ಯದಿಂದ ನಿರ್ವಹಿಸಿದವರು. ಗೋಲ್‌ಕೀಪರ್ ಮತ್ತು ಲಿಬೆರೊ ಒಬ್ಬರ ಮನಸ್ಸನ್ನು ಇನ್ನೊಬ್ಬರು ಓದದೆ ಈ ವ್ಯವಸ್ಥೆ ನಡೆಯದು; ಮಿತಭಾಷಿಗಳಾಗಿದ್ದ ಈ ಇಬ್ಬರು ಪ್ರವಾಸದಲ್ಲಿ ಒಂದೇ ಕೋಣೆ ಹಂಚಿಕೊಳ್ಳುತ್ತಿದ್ದ ಗೆಳೆಯರೂ ಆಗಿದ್ದರು.

ಈ ಶಿಸ್ತಿನ ಫಲ ಅಂಕಿಗಳಲ್ಲೂ ಕಾಣುತ್ತದೆ. 1972–73ರ ಋತುವಿನಲ್ಲಿ ಝೋಫ್ ಲೀಗ್‌ನಲ್ಲಿ ಸತತ 903 ನಿಮಿಷ ಗೋಲು ಬಿಟ್ಟುಕೊಡಲಿಲ್ಲ. ಈ ದಾಖಲೆ ಎರಡು ದಶಕ ಉಳಿಯಿತು. ರಾಷ್ಟ್ರೀಯ ತಂಡದಲ್ಲಿ 1972ರ ಸೆಪ್ಟೆಂಬರ್‌ನಿಂದ 1974ರ ಜೂನ್‌ವರೆಗೆ 1,142 ನಿಮಿಷ ಯಾವ ದೇಶವೂ ಅವರನ್ನು ದಾಟಲಿಲ್ಲ. ಬ್ರೆಜಿಲ್ ವಿರುದ್ಧದ ಗೆಲುವು ಮತ್ತು 1973ರ ನವೆಂಬರ್‌ನಲ್ಲಿ ವೆಂಬ್ಲಿಯಲ್ಲಿ ಕಪೆಲ್ಲೊ ಹೊಡೆದ ಗೋಲಿನಿಂದ ಇಂಗ್ಲೆಂಡಿನ ನೆಲದಲ್ಲಿ ಇಟಲಿ ಪಡೆದ ಮೊದಲ ಗೆಲುವು ಇದೇ ಅವಧಿಯವು. 1973ರ ಬ್ಯಾಲನ್ ಡಿ’ಓರ್, ಅಂದರೆ ಯುರೋಪಿನ ವರ್ಷದ ಶ್ರೇಷ್ಠ ಆಟಗಾರನಿಗೆ ಆಗ ಕೊಡುತ್ತಿದ್ದ ಪುರಸ್ಕಾರದಲ್ಲಿ ಅವರು ಯೋಹಾನ್ ಕ್ರೈಫ್ ಅವರ ನಂತರ ಎರಡನೇ ಸ್ಥಾನ ಪಡೆದರು. 1974ರ ಜೂನ್ 15ರಂದು ಮ್ಯೂನಿಕ್‌ನಲ್ಲಿ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಹೈಟಿಯ ಎಮ್ಯಾನುಯೆಲ್ ಸನೊನ್ ಆ ಸರಣಿಯನ್ನು ಮುರಿದರು. ಇಟಲಿ ಆ ಪಂದ್ಯವನ್ನು 3–1ರಿಂದ ಗೆದ್ದರೂ ಗುಂಪಿನ ಹಂತದಲ್ಲೇ ಟೂರ್ನಿಯಿಂದ ಹೊರಬಿದ್ದಿತು.

ಟೀಕೆಯ ವರ್ಷಗಳು, ನಲವತ್ತರ ನಾಯಕತ್ವ

1978ರಲ್ಲಿ ಅರ್ಜೆಂಟೀನಾದಲ್ಲಿ ನಡೆದ ವಿಶ್ವಕಪ್ ಝೋಫ್ ಅವರ ಖ್ಯಾತಿಗೆ ದೊಡ್ಡ ಪೆಟ್ಟು ಕೊಟ್ಟಿತು. ಫೈನಲ್‌ಗೆ ದಾರಿಯಾಗಬೇಕಿದ್ದ ಪಂದ್ಯದಲ್ಲಿ ನೆದರ್‌ಲೆಂಡ್ಸ್‌ನ ಎರ್ನಿ ಬ್ರಾಂಟ್ಸ್ ಮತ್ತು ಆರಿ ಹಾನ್, ಮೂರನೇ ಸ್ಥಾನದ ಪಂದ್ಯದಲ್ಲಿ ಬ್ರೆಜಿಲ್‌ನ ನೆಲಿನ್ಯೊ ಮತ್ತು ದಿರ್ಸೆವ್ ಪೆನಾಲ್ಟಿ ಆವರಣದ ಹೊರಗಿನಿಂದ ಹೊಡೆದ ಚೆಂಡುಗಳು ಅವರನ್ನು ದಾಟಿದವು. ಮೂವತ್ತಾರು ವರ್ಷದ ಗೋಲ್‌ಕೀಪರ್‌ನ ದೃಷ್ಟಿ ಮಂದವಾಗಿದೆ, ದೂರದ ಹೊಡೆತ ಕಾಣುವುದಿಲ್ಲ ಎಂಬ ಮಾತುಗಳು ಇಟಲಿಯ ಪತ್ರಿಕೆಗಳಲ್ಲಿ ಹರಿದಾಡಿದವು. ಬೆಯರ್ಝೊಟ್ ಅವರು ಮಾತ್ರ ತಮ್ಮ ಗೋಲ್‌ಕೀಪರನ್ನು ಬದಲಾಯಿಸಲಿಲ್ಲ, ಝೋಫ್ ಅವರೂ ಸಮರ್ಥನೆಗೆ ಇಳಿಯದೆ ಅಭ್ಯಾಸಕ್ಕೆ ಮರಳಿದರು. ತರಬೇತುದಾರನೊಬ್ಬ ಆಟಗಾರನ ಮೇಲಿಡುವ ನಂಬಿಕೆ ಎಷ್ಟು ಮೌಲಿಕವೆಂಬ ಪಾಠವನ್ನು ಅವರು ಆ ನಾಲ್ಕು ವರ್ಷಗಳಲ್ಲಿ ಸ್ವತಃ ಪಡೆದರು.

1982ರಲ್ಲಿ ಸ್ಪೇನ್‌ಗೆ ಹೋದ ಇಟಲಿ ತಂಡದ ಸುತ್ತ ಅನುಮಾನವೇ ತುಂಬಿತ್ತು. 1980ರಲ್ಲಿ ಬಯಲಾದ ಮೋಸದಾಟದ ಹಗರಣದಿಂದ ದೇಶದ ಫುಟ್‌ಬಾಲ್ ಕಳಂಕಿತವಾಗಿತ್ತು. ಆ ಪ್ರಕರಣದಲ್ಲಿ ನಿಷೇಧಕ್ಕೊಳಗಾಗಿದ್ದ ಪಾವೊಲೊ ರೊಸ್ಸಿ ಆಗಷ್ಟೇ ಆಟಕ್ಕೆ ಮರಳಿದ್ದರು. ವಿಗೊ ನಗರದಲ್ಲಿ ನಡೆದ ಮೊದಲ ಸುತ್ತಿನ ಪಂದ್ಯಗಳಲ್ಲಿ ಪೋಲೆಂಡ್, ಪೆರು ಮತ್ತು ಕ್ಯಾಮರೂನ್ ವಿರುದ್ಧ ಮೂರೂ ಬಾರಿ ಡ್ರಾ ಮಾಡಿಕೊಂಡ ಇಟಲಿ, ಕ್ಯಾಮರೂನ್‌ಗಿಂತ ಹೆಚ್ಚು ಗೋಲು ಹೊಡೆದಿದ್ದ ಕಾರಣಕ್ಕೆ ಮಾತ್ರ ಮುಂದಿನ ಸುತ್ತಿಗೆ ಹೋಯಿತು. ಪತ್ರಿಕೆಗಳ ಟೀಕೆ ವೈಯಕ್ತಿಕ ನಿಂದನೆಯ ಮಟ್ಟಕ್ಕೆ ಇಳಿದಾಗ ಆಟಗಾರರು ವರದಿಗಾರರೊಡನೆ ಮಾತು ನಿಲ್ಲಿಸಿದರು. ನಾಯಕನ ನೆಲೆಯಲ್ಲಿ ಝೋಫ್ ಒಬ್ಬರೇ ತಂಡದ ಪರವಾಗಿ ಮಾತನಾಡಬೇಕೆಂದು ತೀರ್ಮಾನವಾಯಿತು. ತಂಡದಲ್ಲೇ ಅತ್ಯಂತ ಕಡಿಮೆ ಮಾತಿನವರಾದ ಅವರು ಬೇಕಾದಷ್ಟನ್ನೇ ಹೇಳಿ ಕಿರಿಯರನ್ನು ಗದ್ದಲದಿಂದ ಕಾಪಾಡಿದರು.

ಅರ್ಜೆಂಟೀನಾವನ್ನು 2–1ರಿಂದ ಸೋಲಿಸಿದ ಇಟಲಿ, ಜುಲೈ 5ರಂದು ಬಾರ್ಸಿಲೋನಾದ ಸರಿಯಾ ಕ್ರೀಡಾಂಗಣದಲ್ಲಿ, ಡ್ರಾ ಸಾಕಾಗಿದ್ದ ಬ್ರೆಜಿಲ್ ತಂಡವನ್ನು ಎದುರಿಸಿತು. ರೊಸ್ಸಿ ಮೂರು ಗೋಲು ಹೊಡೆದು 3–2ರ ಮುನ್ನಡೆ ತಂದುಕೊಟ್ಟ ಬಳಿಕ, ಪಂದ್ಯದ ಕಡೆಯ ನಿಮಿಷಗಳಲ್ಲಿ ಬ್ರೆಜಿಲ್‌ನ ಡಿಫೆಂಡರ್ ಆಸ್ಕರ್ ತಲೆಯಿಂದ ಹೊಡೆದ ಚೆಂಡು ಗೋಲುಪೆಟ್ಟಿಗೆಯ ಮೂಲೆಗೆ ಧಾವಿಸಿತು. ಝೋಫ್ ಅದರತ್ತ ಬಿದ್ದು, ಗೆರೆಯ ಮೇಲೆಯೇ ಎರಡೂ ಕೈಗಳಲ್ಲಿ ಹಿಡಿದು ನೆಲಕ್ಕೆ ಒತ್ತಿಕೊಂಡರು. ಚೆಂಡನ್ನು ಅಂಗೈಯಿಂದ ಬದಿಗೆ ತಳ್ಳುವುದು ಸುಲಭವಿತ್ತು. ಆದರೆ ತಳ್ಳಿದ ಚೆಂಡು ಎದುರಾಳಿಯ ಕಾಲಿಗೆ ಸಿಗಬಹುದಿತ್ತು, ಹಿಡಿದ ಚೆಂಡು ಸ್ವಲ್ಪ ಹಿಂದಕ್ಕೆ ಜಾರಿದ್ದರೆ ಗೋಲಾಗುತ್ತಿತ್ತು. ನಲವತ್ತು ವರ್ಷದ ಕೈಗಳು ಆ ಕೆಲವು ಅಂಗುಲಗಳ ಅಂತರವನ್ನು ಉಳಿಸಿಕೊಂಡಿದ್ದೇ ಇಟಲಿಯನ್ನು ಸೆಮಿಫೈನಲ್‌ಗೆ ಒಯ್ದಿತು. ಅಲ್ಲಿ ಪೋಲೆಂಡ್ 0–2ರಿಂದ, ಜುಲೈ 11ರಂದು ಮ್ಯಾಡ್ರಿಡ್‌ನ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿ 1–3ರಿಂದ ಇಟಲಿಗೆ ಮಣಿದವು.

ಅಂದು ಟ್ರೋಫಿ ಎತ್ತಿದ ಝೋಫ್ ವಿಶ್ವಕಪ್ ಗೆದ್ದ ಅತಿ ಹಿರಿಯ ಆಟಗಾರರಾದರು. ಗೋಲ್‌ಕೀಪರ್ ಒಬ್ಬರು ನಾಯಕರಾಗಿ ವಿಶ್ವಕಪ್ ಗೆದ್ದದ್ದು ಅದಕ್ಕೆ ಮೊದಲು 1934ರಲ್ಲಿ, ಇಟಲಿ ಮತ್ತು ಯುವೆಂಟಸ್‌ನವರೇ ಆದ ಜಾಂಪಿಯೆರೊ ಕೊಂಬಿ ಅವರ ಕಾಲದಲ್ಲಿ. ನಂತರ 2010ರಲ್ಲಿ ಸ್ಪೇನ್‌ನ ಇಕೆರ್ ಕಸಿಯಾಸ್ ಮತ್ತು 2018ರಲ್ಲಿ ಫ್ರಾನ್ಸ್‌ನ ಹ್ಯೂಗೊ ಲೊರಿಸ್ ಆ ಸಾಲಿಗೆ ಸೇರಿದರು. ಕಪ್ ಎತ್ತಿಹಿಡಿದ ಕೈಗಳನ್ನು ಹೆಸರಾಂತ ಕಲಾವಿದ ರೆನಾತೊ ಗುತ್ತೂಸೊ ಚಿತ್ರಿಸಿದರು, ಇಟಲಿಯ ಅಂಚೆ ಇಲಾಖೆ ಆ ಚಿತ್ರವನ್ನು ಅಂಚೆಚೀಟಿಯಾಗಿ ಹೊರತಂದಿತು. ರಾಷ್ಟ್ರೀಯ ತಂಡಕ್ಕೆ 112 ಪಂದ್ಯ, ಸೆರಿ ಎ ಲೀಗ್‌ನಲ್ಲಿ 570 ಪಂದ್ಯ ಆಡಿ 1983ರಲ್ಲಿ ಅವರು ಆಟದಿಂದ ನಿವೃತ್ತರಾದಾಗ, ಈ ಎರಡೂ ಸಂಖ್ಯೆಗಳು ಇಟಲಿಯ ದಾಖಲೆಗಳಾಗಿದ್ದವು. ಯುರೋಪಿನ ಕ್ಲಬ್‌ಗಳ ಅತ್ಯುನ್ನತ ಟೂರ್ನಿಯಾದ ಯುರೋಪಿಯನ್ ಕಪ್ ಮಾತ್ರ ಅವರಿಗೆ ಒಲಿಯಲಿಲ್ಲ. 1973ರಲ್ಲಿ ಅಯಾಕ್ಸ್ ಮತ್ತು 1983ರಲ್ಲಿ ಹ್ಯಾಂಬರ್ಗ್ ತಂಡಗಳ ಎದುರು ಎರಡೂ ಫೈನಲ್‌ಗಳನ್ನು ಯುವೆಂಟಸ್ ಒಂದೊಂದೇ ಗೋಲಿನಿಂದ ಕಳೆದುಕೊಂಡಿತು.

ಬೆಂಚಿನ ಮೇಲಿನ ಝೋಫ್

ನಿವೃತ್ತ ಗೋಲ್‌ಕೀಪರ್‌ಗಳಿಗೆ ಸಾಮಾನ್ಯವಾಗಿ ತೆರೆದಿರುವ ದಾರಿ ಗೋಲ್‌ಕೀಪಿಂಗ್ ಕೋಚ್ ಹುದ್ದೆ, ಅಂದರೆ ತಂಡದ ಎರಡು ಮೂರು ಗೋಲ್‌ಕೀಪರ್‌ಗಳನ್ನಷ್ಟೇ ಪ್ರತ್ಯೇಕವಾಗಿ ಪಳಗಿಸುವ ಕೆಲಸ. ಝೋಫ್ ಅವರೂ ಯುವೆಂಟಸ್‌ನಲ್ಲಿ ಅಲ್ಲಿಂದಲೇ ಆರಂಭಿಸಿದರು. 1986ರಲ್ಲಿ ಇಟಲಿಯ ಒಲಿಂಪಿಕ್ ತಂಡದ ಹೊಣೆ ವಹಿಸಿಕೊಂಡ ಅವರು ತಂಡವನ್ನು ಸೋಲ್ ಒಲಿಂಪಿಕ್ಸ್‌ಗೆ ಅರ್ಹಗೊಳಿಸಿದರು, ಆದರೆ ಕ್ರೀಡಾಕೂಟಕ್ಕೆ ಮೊದಲೇ, 1988ರಲ್ಲಿ, ಯುವೆಂಟಸ್ ಅವರನ್ನು ಮುಖ್ಯ ತರಬೇತುದಾರರಾಗಿ ಕರೆಸಿಕೊಂಡಿತು. ಫ್ರಾನ್ಸ್‌ನ ಮಿಶೆಲ್ ಪ್ಲಾಟಿನಿ 1987ರಲ್ಲಿ ನಿವೃತ್ತರಾದ ಮೇಲೆ ತಂಡ ತನ್ನ ಮೊದಲಿನ ಬಲ ಕಳೆದುಕೊಂಡಿತ್ತು, ಅತ್ತ ಅರಿಗೊ ಸಾಕ್ಕಿ ಅವರ ಎಸಿ ಮಿಲಾನ್ ಹೊಸ ಬಗೆಯ ಆಟದಿಂದ ಯುರೋಪನ್ನೇ ಬೆರಗುಗೊಳಿಸುತ್ತಿತ್ತು.

ಝೋಫ್ ತಮ್ಮ ಸಹಾಯಕರಾಗಿ ಶಿರಿಯಾ ಅವರನ್ನು ಆರಿಸಿಕೊಂಡರು. ಅಂಗಳದಲ್ಲಿ ಹದಿನೈದು ಇಪ್ಪತ್ತು ಮೀಟರ್ ಅಂತರದಲ್ಲಿ ನಿಂತು ರಕ್ಷಣೆಯನ್ನು ನಡೆಸಿದ್ದ ಜೋಡಿ ಬೆಂಚಿನ ಮೇಲೆ ಅಕ್ಕಪಕ್ಕ ಕುಳಿತಿತು. 1989ರ ಸೆಪ್ಟೆಂಬರ್ 3ರಂದು, ಯುಇಎಫ್‌ಎ ಕಪ್‌ನಲ್ಲಿ ಎದುರಾಗಲಿದ್ದ ಗೂರ್ನಿಕ್ ಝಾಬ್ಜೆ ತಂಡದ ಆಟವನ್ನು ಅಭ್ಯಸಿಸಲು ಪೋಲೆಂಡ್‌ಗೆ ತೆರಳಿದ್ದ ಶಿರಿಯಾ ಅಲ್ಲಿ ರಸ್ತೆ ಅಪಘಾತದಲ್ಲಿ ಮೂವತ್ತಾರರ ವಯಸ್ಸಿನಲ್ಲಿ ಮೃತಪಟ್ಟರು. ಗೆಳೆಯನನ್ನು ಕಳೆದುಕೊಂಡ ಆ ಋತುವಿನಲ್ಲೇ ಝೋಫ್ ಅವರ ತಂಡ, ಸಾಕ್ಕಿ ಅವರ ಮಿಲಾನ್ ತಂಡವನ್ನು ಸೋಲಿಸಿ ಕೊಪ್ಪಾ ಇಟಾಲಿಯಾವನ್ನೂ, ಫಿಯೊರೆಂಟಿನಾವನ್ನು ಎರಡು ಪಂದ್ಯಗಳ ಫೈನಲ್‌ನಲ್ಲಿ 3–1, 0–0ರಿಂದ ಹಿಂದಿಕ್ಕಿ ಯುಇಎಫ್‌ಎ ಕಪ್ಪನ್ನೂ ಗೆದ್ದಿತು. ಆಟಗಾರನಾಗಿ ಗೆದ್ದ ಕಪ್ಪನ್ನು ಅದೇ ಕ್ಲಬ್‌ನ ತರಬೇತುದಾರನಾಗಿ ಮತ್ತೆ ಗೆದ್ದ ಅಪರೂಪದ ಸಾಧನೆ ಅದು. ಆದರೂ ಕ್ಲಬ್‌ನ ಆಡಳಿತ ಆಕ್ರಮಣಕಾರಿ ಆಟದ ಹೊಸ ಅಲೆಗೆ ಮನಸೋತು, ಋತುವಿನ ಕೊನೆಗೆ ಅವರ ಜಾಗಕ್ಕೆ ಜೀಜಿ ಮೈಫ್ರೆದಿ ಅವರನ್ನು ತಂದಿತು. ಮರು ವರ್ಷ ಯುವೆಂಟಸ್ ಲೀಗ್‌ನಲ್ಲಿ ಏಳನೇ ಸ್ಥಾನಕ್ಕೆ ಇಳಿದು ಯುರೋಪಿನ ಟೂರ್ನಿಗಳ ಅರ್ಹತೆಯನ್ನೇ ಕಳೆದುಕೊಂಡಿತು.

ರೋಮ್ ನಗರದ ಲಾಝಿಯೊ ಕ್ಲಬ್ ಅವರನ್ನು ಕೂಡಲೇ ಬರಮಾಡಿಕೊಂಡಿತು. ಅಲ್ಲಿ 1990ರಿಂದ ನಾಲ್ಕು ವರ್ಷ ಅವರು ನಡೆಸಿದ್ದು ತಾಳ್ಮೆಯ ಕಟ್ಟೋಣ: 1992–93ರಲ್ಲಿ ತಂಡ ಐದನೇ ಸ್ಥಾನ ಗಳಿಸಿ ಬಹುಕಾಲದ ನಂತರ ಯುರೋಪಿನ ಟೂರ್ನಿಗೆ ಅರ್ಹತೆ ಪಡೆಯಿತು, ಜ್ಯುಸೆಪ್ಪೆ ಸಿಗ್ನೊರಿ ಲೀಗ್‌ನ ಅತಿ ಹೆಚ್ಚು ಗೋಲು ಗಳಿಸಿದ ಆಟಗಾರರಾದರು, ಮತ್ತು ಮುಂದೆ ವಿಶ್ವದ ಶ್ರೇಷ್ಠ ಡಿಫೆಂಡರ್‌ಗಳಲ್ಲಿ ಒಬ್ಬರೆನಿಸಿದ ಅಲೆಸ್ಸಾಂಡ್ರೊ ನೆಸ್ತಾ ಹದಿಹರೆಯದಲ್ಲೇ ಲೀಗ್ ಪ್ರವೇಶಿಸಿದರು. 1994ರಲ್ಲಿ ಕ್ಲಬ್ ಅವರನ್ನು ತನ್ನ ಅಧ್ಯಕ್ಷರನ್ನಾಗಿ ಮಾಡಿತು. 1997ರಲ್ಲಿ ತರಬೇತುದಾರ ಝ್ಡೆನೆಕ್ ಝೆಮನ್ ಅವರನ್ನು ಕೈಬಿಟ್ಟಾಗ ಅಧ್ಯಕ್ಷರೇ ಬೆಂಚಿಗೆ ಇಳಿದು ಆ ಋತುವನ್ನು ನಾಲ್ಕನೇ ಸ್ಥಾನದಲ್ಲಿ ಮುಗಿಸಿಕೊಟ್ಟರು. ಒಂದೇ ಸಂಸ್ಥೆಯಲ್ಲಿ ಅಂಗಳದ ಕೆಲಸವನ್ನೂ ಆಡಳಿತದ ಕೆಲಸವನ್ನೂ ಹೀಗೆ ಸರಾಗವಾಗಿ ಮಾಡಲು ಸಾಧ್ಯವಾದದ್ದು, ಎಲ್ಲ ಪಕ್ಷದವರೂ ಅವರ ಮಾತನ್ನು ನಂಬುತ್ತಿದ್ದುದರಿಂದ.

2000ದ ಯೂರೊ ಮತ್ತು ರಾಜೀನಾಮೆ

1998ರ ವಿಶ್ವಕಪ್‌ನ ನಂತರ ಇಟಲಿಯ ರಾಷ್ಟ್ರೀಯ ತಂಡ ಝೋಫ್ ಅವರ ಕೈಗೆ ಬಂದಿತು. 2000ದ ಯುರೋಪಿಯನ್ ಚಾಂಪಿಯನ್‌ಷಿಪ್ ಆರಂಭಕ್ಕೆ ಕೆಲವೇ ದಿನಗಳಿರುವಾಗ ಮೊದಲ ಆಯ್ಕೆಯ ಗೋಲ್‌ಕೀಪರ್ ಜಾನ್‌ಲೂಯಿಜಿ ಬುಫೊನ್ ಕೈಮೂಳೆ ಮುರಿದುಕೊಂಡರು, ಫ್ರಾನ್ಸೆಸ್ಕೊ ತೊಲ್ದೊ ಅವರ ಜಾಗಕ್ಕೆ ಬಂದರು. 1970ರಲ್ಲಿ ಬೆಂಚಿನ ಮೇಲೆ ಕುಳಿತು ವಿಶ್ವಕಪ್ ನೋಡಿದ್ದ ಝೋಫ್ ಅವರಿಗೆ ಎರಡನೇ ಗೋಲ್‌ಕೀಪರ್‌ನ ಮನಸ್ಥಿತಿ ಹೊಸದಾಗಿರಲಿಲ್ಲ. ಗುಂಪಿನ ಮೂರೂ ಪಂದ್ಯಗಳನ್ನು ಗೆದ್ದು, ಕ್ವಾರ್ಟರ್ ಫೈನಲ್‌ನಲ್ಲಿ ರೊಮೇನಿಯಾವನ್ನು ಸೋಲಿಸಿದ ತಂಡ, ಜೂನ್ 29ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆತಿಥೇಯ ನೆದರ್‌ಲೆಂಡ್ಸ್ ಎದುರು ಸೆಮಿಫೈನಲ್ ಆಡಿತು.

ಆ ಪಂದ್ಯ ರಕ್ಷಣಾತ್ಮಕ ಆಟದ ಪಠ್ಯದಂತಿದೆ. ಮೊದಲಾರ್ಧದಲ್ಲೇ ಜಾನ್‌ಲೂಕ ಝಂಬ್ರೊತ್ತಾ ಕೆಂಪು ಕಾರ್ಡ್ ಪಡೆದು ಹೊರಹೋದದ್ದರಿಂದ ಇಟಲಿ ಹೆಚ್ಚುವರಿ ಅವಧಿಯೂ ಸೇರಿ ಎಂಬತ್ತಕ್ಕೂ ಹೆಚ್ಚು ನಿಮಿಷ ಹತ್ತು ಮಂದಿಯೊಂದಿಗೆ ಆಡಬೇಕಾಯಿತು. ನೆಸ್ತಾ, ಫಾಬಿಯೊ ಕನ್ನವಾರೊ, ಪಾವೊಲೊ ಮಲ್ದೀನಿ ಅವರಿದ್ದ ರಕ್ಷಣಾ ಸಾಲು ಪೆನಾಲ್ಟಿ ಆವರಣದ ಅಂಚಿಗೆ ಇಳಿದು, ನಡುವಣ ಜಾಗವನ್ನೆಲ್ಲ ಮುಚ್ಚಿ, ಎದುರಾಳಿಯನ್ನು ಬದಿಗಳಿಗೆ ಅಟ್ಟುತ್ತಿತ್ತು. ಗೋಲ್‌ಕೀಪರ್ ಕೋನ ಕಿರಿದಾಗಿಸುವ ತತ್ತ್ವವನ್ನೇ ಇಲ್ಲಿ ಇಡೀ ತಂಡ ಪಾಲಿಸಿತೆನ್ನಬಹುದು. ಪಂದ್ಯದ ನಡುವೆ ನೆದರ್‌ಲೆಂಡ್ಸ್‌ಗೆ ದೊರೆತ ಎರಡು ಪೆನಾಲ್ಟಿಗಳಲ್ಲಿ ಒಂದನ್ನು ತೊಲ್ದೊ ತಡೆದರು, ಇನ್ನೊಂದು ಕಂಬಕ್ಕೆ ಬಡಿಯಿತು. ಶೂಟೌಟ್‌ನಲ್ಲಿ ಅವರು ಮತ್ತೆ ಎರಡು ಹೊಡೆತಗಳನ್ನು ತಡೆದು ಇಟಲಿಗೆ 3–1ರ ಗೆಲುವು ತಂದರು.

ಜುಲೈ 2ರಂದು ರೋಟರ್‌ಡ್ಯಾಮ್‌ನಲ್ಲಿ ಫ್ರಾನ್ಸ್ ವಿರುದ್ಧದ ಫೈನಲ್‌ನಲ್ಲಿ ಮಾರ್ಕೊ ದೆಲ್ವೆಕ್ಕಿಯೊ ಹೊಡೆದ ಗೋಲಿನಿಂದ ಮುನ್ನಡೆ ಪಡೆದ ಇಟಲಿ ಅದನ್ನು ತೊಂಬತ್ತು ನಿಮಿಷ ದಾಟಿದ ಮೇಲೂ ಉಳಿಸಿಕೊಂಡಿತ್ತು. ಗಾಯ ಮತ್ತಿತರ ಕಾರಣಗಳಿಗೆ ಸೇರಿಸಿದ ಅವಧಿಯ ಕೊನೆಯಲ್ಲಿ ಸಿಲ್ವಾ ವಿಲ್ತೋರ್ ಒದ್ದ ಚೆಂಡು ತೊಲ್ದೊ ಅವರ ಕೈಯಡಿ ನುಸುಳಿ ಪಂದ್ಯವನ್ನು ಸಮಗೊಳಿಸಿತು. ಹೆಚ್ಚುವರಿ ಅವಧಿಯಲ್ಲಿ ಮೊದಲು ಗೋಲು ಹೊಡೆದ ತಂಡವೇ ತಕ್ಷಣ ಗೆದ್ದಂತೆ ಎಂಬ ‘ಗೋಲ್ಡನ್ ಗೋಲ್’ ನಿಯಮ ಆಗ ಜಾರಿಯಲ್ಲಿತ್ತು. 103ನೇ ನಿಮಿಷದಲ್ಲಿ ಡೇವಿಡ್ ಟ್ರೆಝೆಗೆ ಹೊಡೆದ ಗೋಲಿನಿಂದ ಫ್ರಾನ್ಸ್ 2–1ರಿಂದ ಚಾಂಪಿಯನ್ ಆಯಿತು.

ಮರುದಿನ ಎಸಿ ಮಿಲಾನ್ ಕ್ಲಬ್‌ನ ಒಡೆಯರೂ ಇಟಲಿಯ ಅಂದಿನ ವಿರೋಧ ಪಕ್ಷದ ನಾಯಕರೂ ಆಗಿದ್ದ ಸಿಲ್ವಿಯೊ ಬೆರ್ಲುಸ್ಕೊನಿ, ಫ್ರಾನ್ಸ್‌ನ ಝಿನೆದಿನ್ ಝಿದಾನ್ ಅವರಿಗೆ ಕಾವಲು ಹಾಕದೆ ಬಿಟ್ಟದ್ದಕ್ಕಾಗಿ ಝೋಫ್ ಅವರನ್ನು ಕಟುವಾಗಿ, ವೃತ್ತಿಗೌರವಕ್ಕೆ ಕುಂದಾಗುವ ರೀತಿಯಲ್ಲಿ ಟೀಕಿಸಿದರು. ಜುಲೈ 4ರಂದು ಝೋಫ್ ರಾಜೀನಾಮೆ ನೀಡಿದರು. ಫೈನಲ್ ತಲುಪಿಸಿದ ತರಬೇತುದಾರನನ್ನು ಹುದ್ದೆ ಬಿಡುವಂತೆ ಯಾರೂ ಕೇಳಿರಲಿಲ್ಲ. ತಂತ್ರದ ವಿಮರ್ಶೆಯನ್ನು ಜೀವನದುದ್ದಕ್ಕೂ ಸಹಿಸಿಕೊಂಡಿದ್ದ ಅವರು, ಕೆಲಸಗಾರನ ಘನತೆಯನ್ನು ಸಾರ್ವಜನಿಕವಾಗಿ ಕಡೆಗಣಿಸುವುದನ್ನು ಮಾತ್ರ ಒಪ್ಪಲಾರೆನೆಂಬುದನ್ನು ಪದವಿಯನ್ನೇ ಬಿಟ್ಟು ತಿಳಿಸಿದರು. ನಂತರ 2001ರಲ್ಲಿ ಮತ್ತೆ ಲಾಝಿಯೊ ತಂಡವನ್ನು ಮೂರನೇ ಸ್ಥಾನಕ್ಕೆ ಮುಟ್ಟಿಸಿದ ಅವರು, 2005ರಲ್ಲಿ ಹಿಂಬಡ್ತಿಯ ಅಂಚಿನಲ್ಲಿದ್ದ ಫಿಯೊರೆಂಟಿನಾವನ್ನು ಲೀಗ್‌ನ ಕಡೆಯ ದಿನ ಪಾರುಮಾಡಿ ತರಬೇತುದಾರನ ವೃತ್ತಿಯನ್ನು ಮುಗಿಸಿದರು. ಸೆರಿ ಎ ಲೀಗ್‌ನ ಮೊದಲ ಪಂದ್ಯದಲ್ಲಿ ತಮಗೆ ಐದು ಗೋಲು ಹೊಡೆದಿದ್ದ ಕ್ಲಬ್‌ಗೆ ಅವರು ಹೀಗೆ ನೆರವಾದರು.

ಗೋಲ್‌ಕೀಪರ್‌ನ ತಿಳಿವಳಿಕೆಗೆ ಸಲ್ಲಬೇಕಾದ ಸ್ಥಾನ

ಗೋಲ್‌ಕೀಪರ್ ಆಟದ ಹೊರಗಿನವನಂತೆ ಬೆಳೆಯುತ್ತಾನೆ, ದಾಳಿ ಕಟ್ಟುವ ಕಲೆ ಅವನಿಗೆ ತಿಳಿಯದು, ಆದ್ದರಿಂದ ಅವನು ಮುಖ್ಯ ತರಬೇತುದಾರನ ಹುದ್ದೆಗೆ ತಕ್ಕವನಲ್ಲ ಎಂಬ ಅಭಿಪ್ರಾಯ ಫುಟ್‌ಬಾಲ್ ಲೋಕದಲ್ಲಿ ಹಳೆಯದು. ಇತಿಹಾಸ ಇದನ್ನು ಪೂರ್ತಿ ಒಪ್ಪುವುದಿಲ್ಲ. 1962ರಲ್ಲಿ ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡದ ತರಬೇತುದಾರ ಐಮೊರೆ ಮೊರೇರಾ, 1993ರಲ್ಲಿ ಫ್ರಾನ್ಸ್‌ನ ಮಾರ್ಸೆ ಕ್ಲಬ್ಬನ್ನು ಯುರೋಪಿನ ಚಾಂಪಿಯನ್ ಮಾಡಿದ ಬೆಲ್ಜಿಯಂನ ರೇಮಂಡ್ ಗೋಥಾಲ್ಸ್, 2020ರಲ್ಲಿ ಸೆವಿಯಾ ತಂಡಕ್ಕೆ ಯುರೋಪಾ ಲೀಗ್ ಗೆದ್ದುಕೊಟ್ಟ ಸ್ಪೇನ್‌ನ ಹುಲೆನ್ ಲೊಪೆತೆಗಿ, ಮೂವರೂ ಗೋಲ್‌ಕೀಪರ್‌ಗಳಾಗಿದ್ದವರು. ಅಂಗಳದ ಇಪ್ಪತ್ತೊಂದು ಮಂದಿಯನ್ನೂ ಎದುರಿಗೇ ಕಾಣುವ ಸ್ಥಾನದಲ್ಲಿ ವರ್ಷಗಟ್ಟಲೆ ನಿಂತವರಿಗೆ ತಂಡದ ಆಕಾರ ಎಲ್ಲಿ ಸಡಿಲವಾಗುತ್ತಿದೆ ಎಂಬುದು ಇತರರಿಗಿಂತ ಬೇಗ ತಿಳಿಯುತ್ತದೆ.

1992ರಿಂದ ಜಾರಿಯಲ್ಲಿರುವ ಬ್ಯಾಕ್‌ಪಾಸ್ ನಿಯಮದ ಪ್ರಕಾರ ಸಹ ಆಟಗಾರ ಬೇಕೆಂದೇ ಕಾಲಿನಿಂದ ಹಿಂದಕ್ಕೆ ತಳ್ಳಿದ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟುವಂತಿಲ್ಲ. ಹೀಗಾಗಿ ಇಂದಿನ ಗೋಲ್‌ಕೀಪರ್ ಕಾಲಿನಿಂದ ದಾಳಿಯನ್ನು ಆರಂಭಿಸುವವನೂ ಆಗಿದ್ದಾನೆ, ಹಳೆಯ ಆಕ್ಷೇಪದ ಅರ್ಧ ಬಲ ಅಲ್ಲಿಗೇ ಕುಸಿದಿದೆ. ಝೋಫ್ ಅವರಿಗೆ ಆ ಅನುಕೂಲವಿರಲಿಲ್ಲ. ಅವರ ತಂಡಗಳು ದಾಳಿಯಲ್ಲಿ ಮಿತವ್ಯಯಿಗಳಾಗಿದ್ದವು ಎಂಬುದು ನಿಜ, ಆದರೆ ಅವ್ಯವಸ್ಥೆಯಿಂದ ಸೋತದ್ದು ಅಪರೂಪ. ಹುದ್ದೆ, ಹೊಗಳಿಕೆ, ಬೈಗುಳ ಯಾವುದು ಬಂದರೂ ಕೆಲಸದ ಸಿದ್ಧತೆಯನ್ನು ಸಡಿಲಿಸದೆ, ಫಲಿತಾಂಶದ ಹೊಣೆಯನ್ನು ಬೇರೆಯವರ ಹೆಗಲಿಗೆ ದಾಟಿಸದೆ ನಡೆದುಕೊಂಡದ್ದರಿಂದಲೇ, ಯುರೋಪಿನ ಫುಟ್‌ಬಾಲ್ ಸಂಸ್ಥೆಯಾದ ಯುಇಎಫ್‌ಎ ತನ್ನ ಸುವರ್ಣ ಮಹೋತ್ಸವದ ಹೊತ್ತಿಗೆ ಪ್ರತಿ ದೇಶದಿಂದ ಐವತ್ತು ವರ್ಷಗಳ ಒಬ್ಬ ಶ್ರೇಷ್ಠ ಆಟಗಾರನನ್ನು ಹೆಸರಿಸುವಂತೆ ಕೇಳಿದಾಗ, ಗೋಲು ಹೊಡೆದು ಮೆರೆದ ಅನೇಕರಿದ್ದ ಇಟಲಿ ಝೋಫ್ ಅವರನ್ನು ಆರಿಸಿತು. ತರಬೇತುದಾರರನ್ನು ಹುಡುಕುವ ಕ್ಲಬ್‌ಗಳೂ ಫುಟ್‌ಬಾಲ್ ಸಂಸ್ಥೆಗಳೂ ಗೋಲ್‌ಕೀಪರ್‌ಗಳ ಈ ತಿಳಿವಳಿಕೆಯನ್ನು ಕೈಗವಸಿನ ಅಭ್ಯಾಸಕ್ಕಷ್ಟೇ ಸೀಮಿತಗೊಳಿಸದೆ ಇಡೀ ತಂಡದ ಹೊಣೆಗೆ ಬಳಸಿಕೊಳ್ಳಬೇಕೆಂಬುದಕ್ಕೆ ಅವರ ಎರಡು ವೃತ್ತಿಗಳೇ ಸಾಕಷ್ಟು ಸಮರ್ಥನೆ.